ಸಂಘದ ವಾಹನಕ್ಕೆ ಹೊಸ ಬಣ್ಣ: ಕೊಟೇಶನಿನಲ್ಲಿ ಕಾಣದ ಒಂದು ಸಾಲು

ಮಳೆ ಹಿಮ್ಮೆಟ್ಟಿ ನವರಾತ್ರಿ ಹತ್ತಿರ ಬಂತೆಂದರೆ ಮುಂಬಯಿಯ ಗ್ಯಾರೇಜುಗಳಲ್ಲಿ ಡೆಂಟಿಂಗ್-ಪೈಂಟಿಂಗ್ ಕೆಲಸಕ್ಕೆ ಬಿಡುವಿಲ್ಲ. ಆಯುಧ ಪೂಜೆಯ ದಿನ ಗಾಡಿ ಹೊಳೆಯಬೇಕೆಂಬುದು ಎಲ್ಲರ ಆಸೆ. ದಾನಿಗಳು ಕೊಟ್ಟ ಆಂಬ್ಯುಲೆನ್ಸ್, ಶವವಾಹಿನಿ ಅಥವಾ ಶಾಲೆಯ ವ್ಯಾನು ಇರುವ ಸಂಘ ಸಂಸ್ಥೆಗಳಲ್ಲಿ ಈ ಆಸೆ ಕಾರ್ಯಕಾರಿ ಸಮಿತಿಯ ಸಭೆಗೂ ಬರುತ್ತದೆ. ಮುಂದಿನ ಕ್ರಮ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಮೂರು ಗ್ಯಾರೇಜುಗಳಿಂದ ಕೊಟೇಶನ್ ತರಿಸುವುದು, ಕಡಿಮೆ ಮೊತ್ತದ್ದಕ್ಕೆ ಒಪ್ಪಿಗೆ ನೀಡುವುದು, ಮುಂಗಡದ ಚೆಕ್ಕಿಗೆ ಅಧ್ಯಕ್ಷರೂ ಕೋಶಾಧಿಕಾರಿಗಳೂ ಸಹಿ ಹಾಕುವುದು. ಆ ಮೂರೂ ಕಾಗದಗಳಲ್ಲಿ ಇರುವುದು ಸಾಮಾನ್ಯವಾಗಿ ಒಂದೇ ಸಾಲು: ‘ಫುಲ್ ಬಾಡಿ ಡೆಂಟಿಂಗ್-ಪೈಂಟಿಂಗ್, ಇಷ್ಟು ರೂಪಾಯಿ’. ಹಳೆಯ ಬಣ್ಣವನ್ನೂ ತುಕ್ಕನ್ನೂ ಯಾವ ರೀತಿಯಲ್ಲಿ ತೆಗೆಯುತ್ತಾರೆ ಎಂಬ ಸಾಲು ಇರುವುದಿಲ್ಲ. ಸಭೆಯಲ್ಲಿ ಅದನ್ನು ಕೇಳುವವರೂ ಇಲ್ಲ.

ಇದು ಮೇಸ್ತ್ರಿಯ ಕೆಲಸ, ಸಮಿತಿಗೇಕೆ ಎಂದು ಕೆಲವರು ಹೇಳಬಹುದು. ಆದರೆ ಬಣ್ಣ ಎಷ್ಟು ವರ್ಷ ನಿಲ್ಲುತ್ತದೆ ಎನ್ನುವುದು ಬಹುಮಟ್ಟಿಗೆ ಈ ಒಂದು ಸಾಲಿನ ಮೇಲೆ ನಿಂತಿದೆ. ಅದಕ್ಕಿಂತ ಹೆಚ್ಚಾಗಿ, ಆ ಕೆಲಸ ಮಾಡುವ ಹುಡುಗನ ಆರೋಗ್ಯವೂ ಇದೇ ಸಾಲಿನ ಮೇಲೆ ನಿಂತಿದೆ.

ಸಮುದ್ರದ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆಯ ಈ ಊರಿನಲ್ಲಿ ತಗಡು ತುಕ್ಕು ಹಿಡಿಯುವುದು ಹೊಸ ವಿಷಯವಲ್ಲ. ಸಂಘಗಳಲ್ಲಿ ಆಂಬ್ಯುಲೆನ್ಸ್ ಆಗಿ ಬಹಳ ಕಾಲ ಓಡಿದ ಮಾರುತಿ ಓಮ್ನಿಯನ್ನೇ ನೋಡಬಹುದು. 1984ರಲ್ಲಿ ಬಂದ ಈ ಗಾಡಿಯ ತಯಾರಿ 2019ರಲ್ಲಿ ನಿಂತಿತು. ಈಗ ಇರುವವೆಲ್ಲ ಹಳೆಯವೇ. ಬಾಗಿಲಿನ ಕೆಳ ಅಂಚು, ರನ್ನಿಂಗ್ ಬೋರ್ಡ್, ಚಕ್ರದ ಮೇಲಿನ ಕಮಾನು, ಮುಂದಿನ ಗಾಜಿನ ಕೆಳಭಾಗ, ಹೀಗೆ ನೀರು ನಿಲ್ಲುವ ಕಡೆಯೆಲ್ಲ ತುಕ್ಕು ಒಳಗಿನಿಂದ ಹೊರಗೆ ಬರುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ತಗಡು ಅರ್ಧ ಸವೆದಿರುತ್ತದೆ. ಇದರ ಮೇಲೆ ಲಾಂಬಿ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದರೆ ದಸರಾಕ್ಕೆ ಗಾಡಿ ಕನ್ನಡಿಯಂತೆ ಕಾಣುತ್ತದೆ. ಮುಂದಿನ ಜುಲೈಯಲ್ಲಿ ಅದೇ ಜಾಗದಲ್ಲಿ ಅದೇ ಗುಳ್ಳೆ. ಮಹಾಸಭೆಯಲ್ಲಿ ಯಾರಾದರೊಬ್ಬರು ಎದ್ದು ‘ಕಳೆದ ವರ್ಷವಷ್ಟೇ ಇದಕ್ಕೆ ಖರ್ಚು ಹಾಕಿದ್ದೀರಲ್ಲ’ ಎಂದು ಕೇಳಿದಾಗ ಕೋಶಾಧಿಕಾರಿಗಳು ಗ್ಯಾರೇಜಿನವನನ್ನು ದೂರುವುದು ಬಿಟ್ಟು ಬೇರೇನೂ ಮಾಡುವಂತಿಲ್ಲ.

ಹಾಗೆಂದು ಇಡೀ ಗಾಡಿಯನ್ನು ಬರಿಯ ತಗಡಿನವರೆಗೆ ಕೆರೆಯಬೇಕೆಂಬ ಹಟವೂ ಸರಿಯಲ್ಲ. ಈಚಿನ ದಶಕಗಳ ಕಾರುಗಳ ಬಾಡಿಯನ್ನು ಕಾರ್ಖಾನೆಯಲ್ಲಿ ಇಡಿಯಾಗಿ ಪ್ರೈಮರಿನ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ಲೇಪಿಸುತ್ತಾರೆ. ಮೂಲೆ ಸಂದುಗಳಿಗೂ ತಲುಪುವ ಆ ಪದರವನ್ನು ಯಾವ ಗ್ಯಾರೇಜಿನಲ್ಲೂ ಮತ್ತೆ ಹಾಕಲಾಗದು. ಬಣ್ಣ ಮಾಸಿದೆ, ಆದರೆ ಗಟ್ಟಿಯಾಗಿ ಅಂಟಿಕೊಂಡಿದೆ ಎಂದಾದರೆ ಅಲ್ಲಿ ಪಾನಿ ಪೇಪರಿನಿಂದ ಉಜ್ಜಿ ಒರಟು ಮಾಡಿಕೊಂಡು ಮೇಲೆ ಹೊಡೆದರೆ ಸಾಕು. ಗುಳ್ಳೆ ಎದ್ದಲ್ಲಿ, ಸೀಳಿದಲ್ಲಿ, ಹಿಂದೆ ಯಾರೋ ದಪ್ಪಗೆ ಪುಟ್ಟಿ ತುಂಬಿದಲ್ಲಿ ಮಾತ್ರ ತಗಡಿನವರೆಗೆ ಹೋಗಬೇಕು. ಪುಟ್ಟಿ ಎಲ್ಲಿದೆಯೆಂದು ತಿಳಿಯಲು ಬಟ್ಟೆಯಲ್ಲಿ ಸುತ್ತಿದ ಒಂದು ಅಯಸ್ಕಾಂತ ಸಾಕು. ತಗಡಿನ ಮೇಲೆ ಹಿಡಿಯುತ್ತದೆ, ದಪ್ಪ ಪುಟ್ಟಿಯ ಮೇಲೆ ಜಾರುತ್ತದೆ. ಸಮಿತಿಯವರೇ ಐದು ನಿಮಿಷದಲ್ಲಿ ನೋಡಬಹುದಾದ ಪರೀಕ್ಷೆ ಇದು.

ತಗಡಿನವರೆಗೆ ಹೋಗಲು ಇರುವ ದಾರಿಗಳಲ್ಲಿ ಗ್ಯಾರೇಜುಗಳಿಗೆ ಅತಿ ಪ್ರಿಯವಾದುದು ಗ್ರೈಂಡರಿಗೆ ತಂತಿ ಬ್ರಶ್ ಅಥವಾ ಡಿಸ್ಕ್ ಹಾಕಿ ಉಜ್ಜುವುದು. ಬೇಗ ಆಗುತ್ತದೆ, ಖರ್ಚೂ ಕಡಿಮೆ. ರನ್ನಿಂಗ್ ಬೋರ್ಡಿನಂತಹ ಗಟ್ಟಿ ಅಂಚುಗಳಿಗೆ ಅಡ್ಡಿಯಿಲ್ಲ. ಆದರೆ ಬಾನೆಟ್, ಛಾವಣಿ, ಬಾಗಿಲಿನ ತಗಡಿನ ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ. ಒಂದೇ ಕಡೆ ಡಿಸ್ಕ್ ಒತ್ತಿ ಹಿಡಿದರೆ ಶಾಖಕ್ಕೆ ತಗಡು ಅಲೆಯಂತೆ ಏಳುತ್ತದೆ, ಮತ್ತೆ ಆ ಅಲೆಯನ್ನು ಮುಚ್ಚಲು ಪುಟ್ಟಿಯೇ ಬೇಕು. ತಂತಿ ಬ್ರಶ್ಶಿನದು ಇನ್ನೊಂದು ಮೋಸ. ಕುಳಿಯೊಳಗಿನ ತುಕ್ಕನ್ನು ತೆಗೆಯದೆ ಮೇಲಷ್ಟೇ ಹೊಳಪು ಮಾಡಿಬಿಡುತ್ತದೆ, ನೋಡಿದವರಿಗೆ ಶುದ್ಧ ತಗಡು ಎನಿಸುತ್ತದೆ. ಕುಳಿಗೆ ರಂಜಕಾಮ್ಲವಿರುವ ತುಕ್ಕು ನಿವಾರಕ ಹಚ್ಚುವುದು ಸರಿಯಾದ ಕ್ರಮ. ಸಂಡಾಸು ತೊಳೆಯುವ ಆಸಿಡ್ ಸುರಿಯುವವರೂ ಇದ್ದಾರೆ. ಅದು ತುಕ್ಕು ತಿನ್ನುವುದೇನೋ ನಿಜ. ಸಂದಿನಲ್ಲಿ ಉಳಿದ ಆಸಿಡ್ ಹೊಸ ಬಣ್ಣದ ಅಡಿಯಲ್ಲಿ ಕುಳಿತು ತಗಡನ್ನೂ ತಿನ್ನುತ್ತದೆ.

ದೊಡ್ಡ ಚಪ್ಪಟೆ ತಗಡಿಗೆ ಪೇಂಟ್ ರಿಮೂವರ್ ಒಳ್ಳೆಯದು. ಶಾಖವಿಲ್ಲ, ತಗಡು ಸೊಟ್ಟಗಾಗುವುದಿಲ್ಲ. ಬಣ್ಣ ಸುಕ್ಕುಗಟ್ಟಿ ಏಳುತ್ತದೆ, ಕೆರೆದು ತೊಳೆದರಾಯಿತು. ಆದರೆ ತುಕ್ಕಿಗೆ ಅದು ಮದ್ದಲ್ಲ, ಮತ್ತು ಇಂತಹ ಡಬ್ಬಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮಿಥಿಲೀನ್ ಕ್ಲೋರೈಡಿನ ಆವಿ ಅಪಾಯಕಾರಿ. ದೇಹದೊಳಗೆ ಹೋದ ಈ ರಾಸಾಯನಿಕದ ಒಂದು ಭಾಗ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಮುಚ್ಚಿದ ಕೋಣೆಯಲ್ಲಿ ಇದನ್ನು ಬಳಸಿ ಜನ ಸತ್ತ ಪ್ರಕರಣಗಳ ನಂತರ ಅಮೆರಿಕ 2019ರಲ್ಲಿ ಸಾರ್ವಜನಿಕರಿಗೆ ಇಂತಹ ರಿಮೂವರ್ ಮಾರುವುದನ್ನು ನಿಷೇಧಿಸಿತು. ಇಲ್ಲಿನ ಗ್ಯಾರೇಜಿನಲ್ಲಿ ಮಳೆ ಬಂತೆಂದು ಶಟರ್ ಎಳೆದುಕೊಂಡು ಇದನ್ನು ಹಚ್ಚುವುದುಂಟು. ಬಯಲಿನಲ್ಲಿ, ಕೈಗೆ ದಪ್ಪ ಗ್ಲೌಸ್ ಹಾಕಿ ಮಾಡುವ ಕೆಲಸ ಇದು.

ಇನ್ನು ಸ್ಯಾಂಡ್ ಬ್ಲಾಸ್ಟಿಂಗ್. ಕಂಪ್ರೆಸರಿನ ಗಾಳಿಯಿಂದ ಮರಳನ್ನು ಚಿಮ್ಮಿಸಿ ಹೊಡೆಯುವ ಈ ಪದ್ಧತಿಯಲ್ಲಿ ಬಣ್ಣವೂ ತುಕ್ಕೂ ಒಟ್ಟಿಗೆ ಹೋಗುತ್ತವೆ, ಕುಳಿಯೊಳಗಿನದೂ ಬಿಡುವುದಿಲ್ಲ. ಚಾಸಿಸ್, ಚಕ್ರದ ರಿಮ್ಮುಗಳಂತಹ ದಪ್ಪ ಕಬ್ಬಿಣಕ್ಕೆ ಇದಕ್ಕಿಂತ ಒಳ್ಳೆಯದು ಕಡಿಮೆ. ತೆಳು ತಗಡಿಗೆ ಮಾತ್ರ ಇದು ಶತ್ರು. ಕಣಗಳ ಪೆಟ್ಟಿಗೆ ತಗಡಿನ ಒಂದು ಮೈ ಹಿಗ್ಗಿ ಇಡೀ ಬಾನೆಟ್ ಡೊಂಕಾಗುತ್ತದೆ, ಸರಿಪಡಿಸುವುದು ಬಹಳ ಕಷ್ಟ. ‘ಫುಲ್ ಬಾಡಿ ಬ್ಲಾಸ್ಟಿಂಗ್’ ಎಂದು ಹೆಮ್ಮೆಯಿಂದ ಹೇಳುವ ಗ್ಯಾರೇಜನ್ನು ಸಮಿತಿ ನಂಬುವ ಮೊದಲು ಎರಡು ಸಲ ಯೋಚಿಸಬೇಕು.

ತಗಡು ಡೊಂಕಾದರೆ ಹಣ ಹೋಯಿತು, ಅಷ್ಟೇ. ಮರಳಿನ ನಿಜವಾದ ಭಯ ಬೇರೆ. ನದಿಯ ಮರಳಿನಲ್ಲಿ ಬಹುಪಾಲು ಸಿಲಿಕಾ. ತಗಡಿಗೆ ಬಡಿದಾಗ ಪ್ರತಿ ಕಣ ಒಡೆದು, ಕಣ್ಣಿಗೆ ಕಾಣದಷ್ಟು ನುಣ್ಣನೆಯ ಧೂಳಾಗುತ್ತದೆ. ಅದು ಶ್ವಾಸಕೋಶದ ಆಳಕ್ಕೆ ಹೋಗಿ ಅಲ್ಲೇ ಉಳಿಯುತ್ತದೆ. ಇದರಿಂದ ಬರುವ ಸಿಲಿಕೋಸಿಸ್ ಕಾಯಿಲೆಗೆ ಗುಣವಾಗುವ ಔಷಧವಿಲ್ಲ, ಕೆಲಸ ಬಿಟ್ಟ ಮೇಲೂ ಅದು ಬೆಳೆಯುತ್ತದೆ. ಇದಿದ್ದವರಿಗೆ ಕ್ಷಯ ತಗಲುವ ಸಾಧ್ಯತೆ ಹೆಚ್ಚು, ಎಷ್ಟೋ ಸಲ ಕ್ಷಯವೆಂದೇ ತಪ್ಪು ತಿಳಿದು ಮದ್ದು ಕೊಡುವುದೂ ಇದೆ. ಮೂಗಿಗೆ ಕಟ್ಟಿದ ಕರವಸ್ತ್ರ ಈ ಧೂಳನ್ನು ತಡೆಯುವುದಿಲ್ಲ. ಬ್ರಿಟನ್ 1949ರ ನಿಯಮಗಳಲ್ಲೇ ಎರಕದ ಸಾಮಾನುಗಳನ್ನು ಮರಳಿನಿಂದ ಬ್ಲಾಸ್ಟ್ ಮಾಡುವುದನ್ನು ನಿಷೇಧಿಸಿತ್ತು. ಟರ್ಕಿಯಲ್ಲಿ ಜೀನ್ಸ್ ಪ್ಯಾಂಟಿಗೆ ಮಾಸಿದ ನೋಟ ಕೊಡಲು ಮರಳು ಹೊಡೆಯುತ್ತಿದ್ದ ಎಳೆಯ ಹುಡುಗರು ಈ ರೋಗಕ್ಕೆ ಬಲಿಯಾದ ಮೇಲೆ ಅಲ್ಲಿನ ಸರಕಾರ 2009ರಲ್ಲಿ ಅದನ್ನು ನಿಲ್ಲಿಸಿತು. ನಮ್ಮ 1948ರ ಕಾರ್ಖಾನೆ ಕಾಯಿದೆಯ ಪಟ್ಟಿಯಲ್ಲೂ ಸಿಲಿಕೋಸಿಸ್ ಸರಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಯಾಗಿತ್ತು. ಆದರೆ ನಾಲ್ಕೈದು ಹುಡುಗರ ಗಲ್ಲಿಯ ಗ್ಯಾರೇಜು ಕಾರ್ಖಾನೆ ಎಂಬ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ಇನ್‌ಸ್ಪೆಕ್ಟರ್ ಬರುವುದಿಲ್ಲ, ಗಿರಾಕಿ ಮಾತ್ರ ಬರುತ್ತಾನೆ.

ಗಿರಾಕಿ ಕೇಳಿದರೆ ಗ್ಯಾರೇಜಿನವರು ಬದಲಾಯಿಸುತ್ತಾರೆಯೇ? ಎಲ್ಲರೂ ಅಲ್ಲ. ಆದರೆ ಗಾರ್ನೆಟ್, ಉಕ್ಕಿನ ಗ್ರಿಟ್‌ನಂತಹ ಕಣಗಳನ್ನು ಬಳಸಿ, ಮುಚ್ಚಿದ ಕ್ಯಾಬಿನ್ನಿನಲ್ಲಿ, ಹೊರಗಿನ ಶುದ್ಧ ಗಾಳಿಯ ಹೆಲ್ಮೆಟ್ ಕೊಟ್ಟು ಕೆಲಸ ಮಾಡಿಸುವ ಬ್ಲಾಸ್ಟಿಂಗ್ ಘಟಕಗಳು ಕೈಗಾರಿಕಾ ವಲಯಗಳಲ್ಲಿ ಇವೆ. ಚಾಸಿಸ್ ಭಾಗವನ್ನೂ ರಿಮ್ಮುಗಳನ್ನೂ ಅಂತಹ ಕಡೆ ಕಳುಹಿಸಿ, ತೆಳು ತಗಡನ್ನು ರಿಮೂವರ್ ಮತ್ತು ಕೈಯುಜ್ಜಾಟಕ್ಕೆ ಬಿಡುವುದೇ ಯೋಗ್ಯ. ಸೋಡಾ ಪುಡಿಯ ಬ್ಲಾಸ್ಟಿಂಗ್ ಎಂಬುದೂ ಇದೆ. ತಗಡಿಗೆ ಮೃದು, ಆದರೆ ತುಕ್ಕು ಬಿಡಿಸುವುದಿಲ್ಲ, ಪುಡಿ ಪೂರ್ತಿ ತೊಳೆಯದಿದ್ದರೆ ಬಣ್ಣ ಏಳುತ್ತದೆ. ಕೈಯಿಂದ ಉಜ್ಜುವಾಗಲೂ ನೀರು ಹಾಕಿಯೇ ಉಜ್ಜಬೇಕು. ಹಳೆಯ ಬಣ್ಣಗಳಲ್ಲಿ, ಮುಖ್ಯವಾಗಿ ಹಳದಿ ಕೆಂಪುಗಳಲ್ಲಿ, ಸೀಸ ಇರುವುದುಂಟು. ಒಣ ಧೂಳು ಹುಡುಗರ ಊಟದ ಡಬ್ಬಿಯ ಮೇಲೂ ಕೂರುತ್ತದೆ.

ಇದಕ್ಕೆಲ್ಲ ಖರ್ಚು ಹೆಚ್ಚು ಎಂಬುದು ನಿಜ, ಅದನ್ನು ಅಲ್ಲಗಳೆದು ಲಾಭವಿಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಹುಡುಗರಿಂದಲೇ ಬೆಳೆದು ಬಂದವು ಮುಂಬಯಿಯ ಎಷ್ಟೋ ಕನ್ನಡ ಸಂಸ್ಥೆಗಳು. ಅಂತಹ ಸಂಸ್ಥೆಯ ಆಂಬ್ಯುಲೆನ್ಸಿಗಾಗಿ ಇನ್ನೊಬ್ಬ ಹುಡುಗ ಮರಳಿನ ಧೂಳು ಕುಡಿಯುವುದು ಯಾವ ಲೆಕ್ಕದಲ್ಲಿ ಉಳಿತಾಯ ಎಂದು ಸಮಿತಿಗಳು ಕೇಳಿಕೊಳ್ಳಲಿ.

ಆದುದರಿಂದ ಕೊಟೇಶನ್ ಕೇಳುವ ಪತ್ರದಲ್ಲೇ ಕೆಲಸವನ್ನು ಬಿಡಿಸಿ ಬರೆಯುವುದು ಒಳ್ಳೆಯದು. ಯಾವ ಭಾಗದ ಬಣ್ಣವನ್ನು ಯಾವ ರೀತಿ ತೆಗೆಯುವುದು, ಮರಳು ಬಳಸಕೂಡದು, ಸವೆದ ತಗಡನ್ನು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡುವುದಕ್ಕೆ ಎಷ್ಟು, ಪ್ರೈಮರ್ ಯಾವುದು ಎಂದು. ಒಂದೇ ಸಾಲಿನ ಕೊಟೇಶನನ್ನು ಹೋಲಿಸಿ ನೋಡುವುದೇ ಅರ್ಥವಿಲ್ಲದ ಕೆಲಸ. ಅಗ್ಗದ್ದು ಏನನ್ನು ಬಿಟ್ಟು ಅಗ್ಗವಾಯಿತೆಂದು ತಿಳಿಯುವುದಿಲ್ಲ. ಎರಡನೆಯ ಕಂತನ್ನು, ತಗಡು ಬೆತ್ತಲೆಯಾಗಿರುವಾಗ ಒಬ್ಬ ಸದಸ್ಯರು ಹೋಗಿ ನೋಡಿ ಬಂದ ಮೇಲೆಯೇ ಕೊಡಬೇಕು. ಆದರೆ ಆ ಭೇಟಿ ಅದೇ ದಿನ ಆಗಬೇಕು. ಮುಂಬಯಿಯ ತೇವದಲ್ಲಿ ಬೆತ್ತಲೆ ತಗಡು ಕೆಲವೇ ಗಂಟೆಗಳಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ, ಸಂಜೆಯೊಳಗೆ ಅದರ ಮೇಲೆ ಎಪಾಕ್ಸಿ ಪ್ರೈಮರ್ ಬೀಳಬೇಕು. ಭಾನುವಾರದ ಸಭೆಯ ನಂತರ ನೋಡೋಣ ಎಂದರೆ ಆಗದು.

ಅದೇ ಕಾರಣಕ್ಕೆ ದಸರಾಕ್ಕೆ ಮುಂಚಿನ ಸೆಪ್ಟೆಂಬರ್ ತಿಂಗಳು ಈ ಕೆಲಸಕ್ಕೆ ತಕ್ಕದ್ದಲ್ಲ. ನವೆಂಬರಿನಿಂದ ಮಾರ್ಚ್‌ವರೆಗಿನ ಒಣ ಹವೆಯಲ್ಲಿ ಮಾಡಿಸಿ, ಆಯುಧ ಪೂಜೆಗೆ ತೊಳೆದು ಪಾಲಿಶ್ ಹಾಕಿದರೆ ಹೂವಿನ ಹಾರಕ್ಕೇನೂ ಕೊರತೆಯಾಗುವುದಿಲ್ಲ. ಗ್ಯಾರೇಜಿನವರೂ ಆ ತಿಂಗಳುಗಳಲ್ಲಿ ದಸರಾದ ಅವಸರವಿಲ್ಲದೆ ಕೆಲಸ ಮಾಡಿಕೊಟ್ಟಾರು.