ಯಂತ್ರ ರೂಪಿಸುವವರೂ ವಾರ್ಡಿಗೆ ಬರಲಿ

ವೈದ್ಯರಾಗದವರೂ ರೋಗಿಯ ಜೀವ ಉಳಿಸಬಲ್ಲರು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ರೂಪಿಸಿದ ಹೃದಯ ಕವಾಟವೇ ಇದಕ್ಕೆ ಸಾಕ್ಷಿ. ಅಲ್ಲಿ ಶಸ್ತ್ರವೈದ್ಯ ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ವೈದ್ಯರೂ ಎಂಜಿನಿಯರುಗಳೂ ವರ್ಷಗಟ್ಟಲೆ ಜೊತೆಯಾಗಿ ದುಡಿದರು. ಮೊದಲ ಮೂರು ಮಾದರಿಗಳು ವಿಫಲವಾದವು. ಲೋಹದ ಚೌಕಟ್ಟಿನೊಳಗೆ ಪ್ಲಾಸ್ಟಿಕ್ ಬಿಲ್ಲೆಯನ್ನಿರಿಸಿದ ನಾಲ್ಕನೆಯದು 1990ರ ಡಿಸೆಂಬರ್ 6ರಂದು ರೋಗಿಯ ಹೃದಯವನ್ನು ಸೇರಿತು. ಆಮದು ಕವಾಟದ ಬೆಲೆ ತೆರಲಾಗದ ಸಹಸ್ರಾರು ಜನರಿಗೆ ಅದು ಆಸರೆಯಾಯಿತು.

ಇಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿದಂತೆ ಹಲವೆಡೆ ಜೈವಿಕ ಎಂಜಿನಿಯರಿಂಗಿನ ಸ್ನಾತಕೋತ್ತರ ವ್ಯಾಸಂಗಕ್ಕೆ ಅವಕಾಶವಿದೆ. ಆದರೆ ಪ್ರಯೋಗಾಲಯದೊಳಗೇ ಮುಗಿಯುವ ವ್ಯಾಸಂಗ ಅಪೂರ್ಣವೆಂದು ನಾವು ಭಾವಿಸುತ್ತೇವೆ. ವಿದ್ಯುತ್ತು ಪದೇ ಪದೇ ಕೈಕೊಡುವ ತಾಲ್ಲೂಕು ಆಸ್ಪತ್ರೆಯಲ್ಲಿ ಯಂತ್ರವೊಂದು ಏಕೆ ಮೂಲೆ ಸೇರಿತೆಂಬುದನ್ನು ಪಠ್ಯಪುಸ್ತಕ ಹೇಳದು. ಅಲ್ಲಿನ ದಾದಿಯರು ಹೇಳಬಲ್ಲರು. ಆದ್ದರಿಂದ ಪ್ರತಿಯೊಬ್ಬ ವಿದ್ಯಾರ್ಥಿಯೂ ಕೆಲವು ತಿಂಗಳನ್ನಾದರೂ ರೋಗಿಗಳ ನಡುವೆ ಕಳೆಯುವುದು ಕಡ್ಡಾಯವಾಗಬೇಕು.

ವೈದ್ಯಕೀಯ ಸೀಟು ದೊರೆಯಲಿಲ್ಲವೆಂದು ಮಕ್ಕಳು ನೊಂದಿರುವ ಮನೆಗಳ ಸದ್ಭಕ್ತರಲ್ಲಿ ನಮ್ಮ ವಿನಂತಿ: ಎಂಜಿನಿಯರಿಂಗ್ ಪದವಿಯ ಬಳಿಕ ರೋಗಿಯ ಸೇವೆಗೆ ಈ ಹಾದಿಯೂ ತೆರೆದಿದೆ. ಇದೂ ಕಾಯಕವೇ ಎಂದು ತಿಳಿದು ಮಕ್ಕಳಿಗೆ ಧೈರ್ಯ ತುಂಬಿರಿ.