‘ತರೋಕೆ ಹೋದಳು’, ‘ಹೋಗಿ ತಂದಳು’: ಫ್ರೇಸಲ್ ವರ್ಬ್ ಪಾಠದಲ್ಲಿ ಕನ್ನಡಕ್ಕೆ ಎರಡು ನಿಮಿಷ

ಫ್ರೇಸಲ್ ವರ್ಬ್ ಪಾಠಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ತಯಾರಿಸುವ ಚಾರ್ಟು ಹೆಚ್ಚುಕಡಿಮೆ ಒಂದೇ ಬಗೆಯದು. ಎಡಗಡೆ ‘ಗೋ ಔಟ್’, ‘ಕಮ್ ಬ್ಯಾಕ್’, ‘ಸೆಟ್ ಆಫ್’, ‘ರನ್ ಅವೇ’. ಬಲಗಡೆ ಅವುಗಳ ಅರ್ಥ. ಮಕ್ಕಳು ಹೊಂದಿಸಿ ಬರೆಯುತ್ತಾರೆ, ಕೊನೆಯ ಐದು ನಿಮಿಷದ ಪ್ರಶ್ನೆಗಳಿಗೆ ಸರಿಯುತ್ತರ ಬರುತ್ತದೆ, ವೀಕ್ಷಕರು ಒಳ್ಳೆಯ ಅಂಕವನ್ನೂ ಕೊಡುತ್ತಾರೆ. ಅದೇ ಮಕ್ಕಳಿಗೆ ‘ಅಮ್ಮ ಹಾಲು ತರೋಕೆ ಹೊರಗೆ ಹೋದಳು’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಲು ಹೇಳಿ ನೋಡಿ. ‘ವೆಂಟ್ ಔಟ್ ಫಾರ್ ಬೈಯಿಂಗ್ ಮಿಲ್ಕ್’ ಎಂದೋ, ‘ವೆಂಟ್ ಟು ಔಟ್ ಫಾರ್ ಬೈ ಮಿಲ್ಕ್’ ಎಂದೋ ಬರುತ್ತದೆ. ‘ಗೋ ಔಟ್’ ಎಂದರೇನೆಂದು ಮಗುವಿಗೆ ಗೊತ್ತು. ಅದರ ಮುಂದೆ ಏನು ಬರಬೇಕೆಂದು ಯಾರೂ ಹೇಳಿಕೊಟ್ಟಿಲ್ಲ.

ಚಲನೆಯನ್ನು ಹೇಳುವ ಫ್ರೇಸಲ್ ವರ್ಬನ್ನು ಒಂಟಿಯಾಗಿ ಕಲಿಸಬಾರದು. ಅದರ ಬೆನ್ನಿಗೇ ಬರುವ ‘ಟು’ ಸಹಿತ ಕ್ರಿಯಾಪದದೊಂದಿಗೆ, ಅಂದರೆ ಇನ್ಫಿನಿಟಿವ್‌ನೊಂದಿಗೆ, ಒಂದೇ ಜೋಡಿಯಾಗಿ ಕಲಿಸಬೇಕು. ಹಾಗೆ ಕಲಿಸುವಾಗ ಕನ್ನಡಕ್ಕೂ ಎರಡು ನಿಮಿಷ ಬಿಟ್ಟುಕೊಡಬೇಕು. ಮೊದಲನೆಯದನ್ನು ಯಾರೂ ಅಲ್ಲಗಳೆಯಲಾರರು, ಎ. ಎಸ್. ಹಾರ್ನ್‌ಬಿ 1954ರಲ್ಲೇ ಯಾವ ಕ್ರಿಯಾಪದದ ಬಳಿಕ ಏನು ಬರುತ್ತದೆ ಎಂಬುದನ್ನು ಮಾದರಿಗಳಾಗಿ ವಿಂಗಡಿಸಿ ಪುಸ್ತಕ ಬರೆದಿದ್ದರು. ತಕರಾರು ಬರುವುದು ಎರಡನೆಯದಕ್ಕೆ.

‘ಫಾರ್ ಬೈಯಿಂಗ್’ ಎಲ್ಲಿಂದ ಬಂತು? ಅಜಾಗರೂಕತೆಯಿಂದಲ್ಲ. ಕನ್ನಡದಲ್ಲಿ ‘ಅಂಗಡಿಗೆ ಹೋದಳು’, ‘ಹಾಲಿಗೆ ಹೋದಳು’, ‘ತರುವುದಕ್ಕೆ ಹೋದಳು’ ಎಂಬ ಮೂರರಲ್ಲೂ ಇರುವುದು ಒಂದೇ ಚತುರ್ಥಿ. ಇಂಗ್ಲಿಷು ಈ ಒಂದನ್ನು ಮೂರು ದಾರಿಗೆ ಒಡೆಯುತ್ತದೆ: ಸ್ಥಳಕ್ಕೆ ‘ಟು ದ ಶಾಪ್’, ವಸ್ತುವಿಗೆ ‘ಫಾರ್ ಮಿಲ್ಕ್’, ಕೆಲಸಕ್ಕೆ ‘ಟು ಬೈ ಮಿಲ್ಕ್’. ‘ವೆಂಟ್ ಔಟ್ ಫಾರ್ ಮಿಲ್ಕ್’ ಸರಿಯಾದ ವಾಕ್ಯವೇ. ಮಗು ಅಲ್ಲಿಂದ ‘ಫಾರ್’ ತೆಗೆದುಕೊಂಡು ಕ್ರಿಯಾಪದದ ಮುಂದಿಟ್ಟಿದೆ, ಅಷ್ಟೆ. ಕಪ್ಪುಹಲಗೆಯ ಮೇಲೆ ಈ ಮೂರು ಕನ್ನಡ ವಾಕ್ಯಗಳನ್ನು, ಎದುರಿಗೆ ಮೂರು ಇಂಗ್ಲಿಷ್ ವಾಕ್ಯಗಳನ್ನು ಬರೆದರೆ ತಪ್ಪಿನ ಬೇರು ಮಗುವಿಗೇ ಕಾಣುತ್ತದೆ. ಬರೀ ಇಂಗ್ಲಿಷಿನಲ್ಲಿ ‘ಫಾರ್ ಅಲ್ಲ, ಟು’ ಎಂದು ಹತ್ತು ಸಲ ತಿದ್ದಿದರೂ ಇದು ಕಾಣುವುದಿಲ್ಲ. (ನಮ್ಮ ‘ತರು’ ಒಂದೇ ಪದ ಇಂಗ್ಲಿಷಿನ ‘ಬೈ’, ‘ಗೆಟ್’, ‘ಬ್ರಿಂಗ್’ ಮೂರರ ಕೆಲಸ ಮಾಡುತ್ತದೆ. ಅದು ಬೇರೆಯೇ ತಲೆನೋವು, ಸದ್ಯಕ್ಕೆ ಬಿಡೋಣ.)

ಇನ್ನೂ ಮುಖ್ಯವಾದ ಒಂದು ವಿಷಯವಿದೆ. ‘ಹಾಲು ತರೋಕೆ ಹೋದಳು’ ಎಂದರೆ ಹಾಲು ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ‘ಹೋಗಿ ಹಾಲು ತಂದಳು’ ಎಂದರೆ ಹಾಲು ಮನೆಗೆ ಬಂದಾಗಿದೆ. ಇಂಗ್ಲಿಷಿನಲ್ಲೂ ಇದೇ ಭೇದ: ‘ವೆಂಟ್ ಔಟ್ ಟು ಬೈ ಮಿಲ್ಕ್’ ಉದ್ದೇಶ ಮಾತ್ರ; ‘ವೆಂಟ್ ಔಟ್ ಅಂಡ್ ಬಾಟ್ ಮಿಲ್ಕ್’ ಆದ ಕೆಲಸ. ಪ್ರೌಢಶಾಲೆಯ ಕನ್ನಡ ವ್ಯಾಕರಣದಲ್ಲಿ ‘ಮಾಡಲು, ಮಾಡಲಿಕ್ಕೆ, ಮಾಡಿ, ಮಾಡುತ್ತಾ’ ಎಂದು ಕೃದಂತಾವ್ಯಯಗಳನ್ನು ಹೇಳಿಕೊಡುತ್ತಾರೆ. ಪಕ್ಕದ ಪೀರಿಯಡ್‌ನಲ್ಲಿ ಇಂಗ್ಲಿಷ್ ಮೇಷ್ಟ್ರು ಇನ್ಫಿನಿಟಿವ್ ಹೇಳಿಕೊಡುತ್ತಾರೆ. ಒಂದೇ ಶಾಲೆ, ಅವೇ ಮಕ್ಕಳು, ಎರಡನ್ನೂ ಜೋಡಿಸುವವರಿಲ್ಲ. ‘ತರೋಕೆ’ ಎನ್ನಲಿ, ‘ತರಾಕ’ ಎನ್ನಲಿ, ‘ತರ್ಲಿಕ್ಕೆ’ ಎನ್ನಲಿ, ಯಾವ ಸೀಮೆಯ ಮಗುವಾದರೂ ಈ ರೂಪವನ್ನು ಮನೆಯಿಂದಲೇ ತಂದಿರುತ್ತದೆ.

ಹೊಂದದೆ ಇರುವ ಕಡೆಯನ್ನೂ ತೋರಿಸಬೇಕು. ಲೆನರ್ಡ್ ಟ್ಯಾಲ್ಮಿ ಎಂಬ ಭಾಷಾವಿಜ್ಞಾನಿ 1985ರ ತಮ್ಮ ಲೇಖನದಲ್ಲಿ ಗುರುತಿಸಿದಂತೆ, ಇಂಗ್ಲಿಷು ಚಲನೆಯ ದಿಕ್ಕನ್ನು ಕ್ರಿಯಾಪದದ ಹೊರಗೆ ‘ಔಟ್’, ‘ಡೌನ್’, ‘ಬ್ಯಾಕ್’ಗಳಲ್ಲಿ ಇಡುತ್ತದೆ. ನಮ್ಮಲ್ಲಿ ದಿಕ್ಕು ಎಷ್ಟೋ ಸಲ ಕ್ರಿಯಾಪದದೊಳಗೇ ಇರುತ್ತದೆ: ಇಳಿ, ಹತ್ತು, ಹೊರಡು, ಮರಳು. ಆದ್ದರಿಂದ ‘ಮೆಟ್ಟಿಲು ಇಳಿದು ಬಂದ’ ಎನ್ನುವ ಮಗುವಿಗೆ ‘ಕೇಮ್ ಡೌನ್’ನಲ್ಲಿ ‘ಇಳಿ’ ಎಲ್ಲಿ ಹೋಯಿತೆಂದು ಹೊಳೆಯುವುದಿಲ್ಲ. ವಾಕ್ಯದ ಕ್ರಮವಂತೂ ತಲೆಕೆಳಗು. ನಮ್ಮಲ್ಲಿ ಉದ್ದೇಶ ಮೊದಲು, ಹೋಗುವುದು ಕೊನೆಗೆ. ಅವರಲ್ಲಿ ಹೋಗುವುದು ಮೊದಲು.

ಜೋಡಿ ಸಿಕ್ಕಿದ ಕಡೆಯೆಲ್ಲ ಉದ್ದೇಶವೆಂದು ಹೇಳಿಕೊಡುವುದೂ ಅಪಾಯ. ‘ಹಿ ಕೇಮ್ ಬ್ಯಾಕ್ ಟು ಫೈಂಡ್ ದ ಡೋರ್ ಲಾಕ್ಡ್’ ಎಂಬುದನ್ನು ಪ್ರಶಿಕ್ಷಣಾರ್ಥಿಯೊಬ್ಬರು ‘ಬಾಗಿಲಿಗೆ ಬೀಗ ಹಾಕಿದ್ದನ್ನು ನೋಡಲು ವಾಪಸ್ ಬಂದ’ ಎಂದು ವಿವರಿಸಿದರೆ ಮಕ್ಕಳು ಹಾಗೆಯೇ ನಂಬುತ್ತಾರೆ. ಅದು ನಮ್ಮ ‘ಬಂದು ನೋಡಿದರೆ ಬಾಗಿಲಿಗೆ ಬೀಗ!’ ಪರೀಕ್ಷೆ ಸುಲಭ: ‘ಯಾಕೆ?’ ಎಂದು ಕೇಳಿ. ‘ಯಾಕೆ ಹೊರಗೆ ಹೋದಳು?’ ‘ಟು ಬೈ ಮಿಲ್ಕ್’ ಎಂದರೆ ಉತ್ತರ ಆಯಿತು. ‘ಯಾಕೆ ವಾಪಸ್ ಬಂದ?’ ಎಂಬುದಕ್ಕೆ ‘ಟು ಫೈಂಡ್’ ಉತ್ತರವಾಗುವುದಿಲ್ಲ. ‘ದ ನ್ಯೂಸ್ ಟರ್ನ್ಡ್ ಔಟ್ ಟು ಬಿ ಫಾಲ್ಸ್’ ಎಂಬಲ್ಲಂತೂ ಚಲನೆಯೂ ಇಲ್ಲ, ಉದ್ದೇಶವೂ ಇಲ್ಲ.

‘ಗೋ ಆನ್’ ನನಗೆ ಎಲ್ಲಕ್ಕಿಂತ ಇಷ್ಟ. ‘ವೆಂಟ್ ಆನ್ ರೀಡಿಂಗ್ ದ ಪೊಯೆಮ್’ ಎಂದರೆ ಪದ್ಯ ಓದುತ್ತಾ ಹೋದರು. ‘ವೆಂಟ್ ಆನ್ ಟು ರೀಡ್ ದ ಪೊಯೆಮ್’ ಎಂದರೆ ಬೇರೇನೋ ಮುಗಿಸಿ ಆಮೇಲೆ ಪದ್ಯ ಓದಿದರು. ‘ಓದುತ್ತಾ ಹೋದರು’ ಎನ್ನುವಾಗ ನಮ್ಮ ‘ಹೋಗು’ ಕೂಡ ಕಾಲು ಬಿಟ್ಟು ಕಾಲದಲ್ಲಿ ನಡೆಯುತ್ತದೆ, ಅವರ ‘ಗೋ’ದಂತೆಯೇ. ಇದನ್ನು ತೋರಿಸಿದ ತರಗತಿಯಲ್ಲಿ ಮಕ್ಕಳು ತಾವಾಗಿ ‘ಮಾಡ್ತಾ ಹೋಗು’, ‘ಬರೀತಾ ಹೋಗು’ ಎಂದು ಉದಾಹರಣೆ ಕೊಡತೊಡಗುತ್ತಾರೆ.

ಇಷ್ಟಕ್ಕೆಲ್ಲ ಕನ್ನಡ ಬಳಸಿದರೆ ವೀಕ್ಷಣಾ ನಮೂನೆಯಲ್ಲಿ ಅಂಕ ಹೋಗುತ್ತದೆ ಎಂಬ ಭಯ ಪ್ರಶಿಕ್ಷಣಾರ್ಥಿಗಳಲ್ಲಿದೆ, ಮತ್ತು ಆ ಭಯಕ್ಕೆ ಕಾರಣವಿದೆ. ಇಂಗ್ಲಿಷ್ ಪೀರಿಯಡ್‌ನಲ್ಲಿ ಇಂಗ್ಲಿಷೇ ಹೆಚ್ಚು ಕಿವಿಗೆ ಬೀಳಬೇಕೆಂಬುದು ನಿಜ. ಪಾಠವಿಡೀ ಅನುವಾದ ಮಾಡುವವರನ್ನು ನಾನೂ ಸಮರ್ಥಿಸುವುದಿಲ್ಲ. ಆದರೆ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಹುಭಾಷಿಕತೆಯನ್ನು ತರಗತಿಯ ಸಂಪನ್ಮೂಲವೆಂದು ಕರೆದ ಮೇಲೂ, ಒಂದು ಕನ್ನಡ ವಾಕ್ಯ ಕೇಳಿದ ಕೂಡಲೇ ಕೆಂಪು ಪೆನ್ನು ತೆಗೆಯುವುದು ಬೋಧಕರಾದ ನಮಗೆ ಶೋಭಿಸದು. ಕನ್ನಡ ಬಂತೇ ಎಂದು ಗುರುತು ಹಾಕುವ ಬದಲು, ಬಂದ ಕನ್ನಡ ಏನು ಕೆಲಸ ಮಾಡಿತು ಎಂದು ಬರೆಯೋಣ.

ಪಾಠ ಯೋಜನೆ ಬರೆಯುವವರಿಗೆ: ಎಂಟನೆಯ ತರಗತಿಗೆ ‘ಗೋ ಔಟ್’, ‘ಕಮ್ ಬ್ಯಾಕ್’, ‘ರನ್ ಅಪ್’ ಸಾಕು, ಪ್ರತಿಯೊಂದಕ್ಕೂ ‘ಯಾಕೆ?’ ಪ್ರಶ್ನೆಯೊಂದಿಗೆ. ‘ಗೋ ಆನ್’ ಜೋಡಿಯನ್ನು ಒಂಬತ್ತಕ್ಕೆ ಇಟ್ಟುಕೊಳ್ಳಿ. ‘ಲುಕ್ ಫಾರ್ವರ್ಡ್ ಟು’ ಬರುವ ಪತ್ರಲೇಖನವನ್ನು ಇದರ ಜೊತೆ ಬೆರೆಸಬೇಡಿ. ಅಲ್ಲಿನ ‘ಟು’ ಈ ಜಾತಿಯದಲ್ಲ, ಅದರ ಮುಂದೆ ‘ಸೀಯಿಂಗ್’ ಬರಬೇಕು, ‘ಸೀ’ ಅಲ್ಲ.