ಪಥ್ಯವೇ ಮದ್ದಾದವರ ನೆರವಿಗೆ

ಮದ್ದಿಗಿಂತ ಪಥ್ಯ ಮೇಲೆಂದು ನಮ್ಮ ಹಿರಿಯರು ಬಗೆದಿದ್ದರು. ಬಾಣಂತಿಗೂ ಜ್ವರದಿಂದ ಎದ್ದವನಿಗೂ ಇಂತಿಷ್ಟು ದಿನ ಇಂತಿಂಥದು ಕೂಡದೆಂದು ವಿಧಿಸಿ, ಆ ದಿನಗಳು ಕಳೆದ ಮೇಲೆ ತಲೆಗೆ ನೀರೆರೆದು ಮನೆಯವರ ಪಂಕ್ತಿಗೆ ಮರಳಿ ಕರೆಯುತ್ತಿದ್ದರು. ಆದರೆ ದಿನಗಳ ಲೆಕ್ಕವೇ ಇಲ್ಲದ, ಮುಗಿಯಿತೆಂದು ನೀರೆರೆಯುವ ಮುಹೂರ್ತವೇ ಬಾರದ ಪಥ್ಯವೊಂದುಂಟು. ಸೀಲಿಯಾಕ್ ಎಂಬ ಉದರವ್ಯಾಧಿಗೆ ಒಳಗಾದವರು ಗೋಧಿ, ಜವೆಗೋಧಿ ಮತ್ತು ರೈ ಧಾನ್ಯಗಳ ಸೋಂಕು ಕೂಡ ತಗುಲದಂತೆ ಜೀವಮಾನವಿಡೀ ಎಚ್ಚರದಿಂದಿರಬೇಕು. ಅದರ ವಿನಾ ಅನ್ಯ ಚಿಕಿತ್ಸೆ ಇಂದಿಗೂ ಸಿದ್ಧವಾಗಿಲ್ಲ. ಔಷಧವಿಲ್ಲದ ರೋಗದಲ್ಲಿ ರೋಗಿಗೆ ಉಪಕಾರ ಮಾಡಿದವರು ಯಾರು, ಅವರು ಮಾಡಿದ್ದೇನು ಎಂಬುದನ್ನು ವಿಚಾರಿಸಿದರೆ, ನಮ್ಮ ನಾಡಿನ ಅಡಿಗೆಮನೆಗಳೂ ಊಟದ ಮನೆಗಳೂ ಕಲಿಯತಕ್ಕ ಪಾಠವೊಂದು ಅದರಲ್ಲಿ ಅಡಗಿರುವುದು ಕಂಡುಬರುತ್ತದೆ.

ಹೋಳಿಗೆಗೆ ಕಣಕ ನಾದಿದವರಿಗೆಲ್ಲ ಗೋಧಿಯ ಒಂದು ಗುಣ ಕೈಯಿಂದಲೇ ಪರಿಚಿತ: ನೀರೂ ಎಣ್ಣೆಯೂ ಹದವಾಗಿ ಕೂಡಿ ನೆನೆದ ಹಿಟ್ಟು ಎಳೆದರೆ ಹರಿಯದೆ ಹಿಗ್ಗುತ್ತದೆ. ಅಕ್ಕಿಹಿಟ್ಟಿಗೂ ರಾಗಿಹಿಟ್ಟಿಗೂ ಇಲ್ಲದ ಆ ಜಿಗಿಯನ್ನು ಕೊಡುವ ಸಸಾರಜನಕಕ್ಕೆ ಗ್ಲುಟೆನ್ ಎಂದು ಹೆಸರು. ಹುಟ್ಟಿನಿಂದಲೇ ಒಂದು ಬಗೆಯ ದೇಹಪ್ರಕೃತಿಯನ್ನು ಪಡೆದುಬಂದ ಕೆಲವರಲ್ಲಿ ಇದು ಸಣ್ಣಕರುಳನ್ನು ಹೊಕ್ಕಾಗ ಶರೀರದ ರಕ್ಷಣಾಶಕ್ತಿಯೇ ಭ್ರಮೆಗೊಂಡು ತನ್ನ ಕರುಳಿನ ಮೇಲೆ ಕೈಮಾಡುತ್ತದೆ. ಅನ್ನರಸವನ್ನು ಹೀರಿಕೊಳ್ಳುವ, ಮಖಮಲ್ಲಿನ ನೂಲಿನಂತಹ ಒಳಪೊರೆ ಸವೆದು ಬೋಳಾಗುತ್ತದೆ. ಆಮೇಲೆ ಉಂಡದ್ದು ಮೈಗೆ ಹತ್ತದು. ಮಗುವಿನ ಹೊಟ್ಟೆ ಉಬ್ಬಿ ಕೈಕಾಲು ಬಡಕಲಾಗುತ್ತವೆ, ಬೆಳವಣಿಗೆ ಕುಂಠಿತವಾಗುತ್ತದೆ. ದೊಡ್ಡವರಲ್ಲಿ ರಕ್ತಹೀನತೆ, ಮೂಳೆಗಳ ಸವಕಳಿ, ಸದಾ ಬಳಲಿಕೆ.

ವ್ಯಾಧಿಯು ಹಳೆಯದು, ಸುಮಾರು 1800 ವರ್ಷಗಳ ಹಿಂದೆಯೇ ಗ್ರೀಕ್ ವೈದ್ಯ ಅರೆಟಿಯಸನು ಇದರ ಲಕ್ಷಣಗಳನ್ನು ಹೋಲುವ ಉದರರೋಗವನ್ನು ವರ್ಣಿಸಿದ್ದನು. ಆಧುನಿಕ ವೈದ್ಯದಲ್ಲಿ ಇದನ್ನು ಸ್ಪಷ್ಟವಾಗಿ ಗುರುತಿಸಿದ ಕೀರ್ತಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಅವರದು. 1887ರಲ್ಲಿ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ ಉಪನ್ಯಾಸ ಮಾಡುತ್ತ, ಇದಕ್ಕೆ ಗುಣವೆಂಬುದೇನಾದರೂ ಇದ್ದರೆ ಅದು ಆಹಾರದಿಂದಲೇ ಆಗಬೇಕೆಂದು ಅವರು ನಿರ್ಣಯಿಸಿದರು. ದಾರಿ ಸರಿಯಾಗಿ ಕಂಡಿತು, ಗುರಿ ಮಾತ್ರ ತಪ್ಪಿತು. ದಿನವೂ ಚಿಪ್ಪುಮೀನು ತಿಂದ ಮಗುವೊಂದು ಚೇತರಿಸಿಕೊಂಡು, ಆ ಮೀನಿನ ಕಾಲ ಮುಗಿದೊಡನೆ ಮತ್ತೆ ಕುಸಿದುದನ್ನು ಅವರು ಕಣ್ಣಾರೆ ಕಂಡಿದ್ದರು. ಆದರೂ ಅವರು ನಿಷೇಧಿಸಿದ್ದು ನಿರಪರಾಧಿಯಾದ ಅಕ್ಕಿಯನ್ನು, ಅನುಮತಿಸಿದ್ದು ತೆಳ್ಳಗೆ ಕೊಯ್ದು ಸುಟ್ಟ ಬ್ರೆಡ್ಡನ್ನು. 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯವನ್ನು ಪ್ರಚಾರಕ್ಕೆ ತಂದು ಅನೇಕ ಮಕ್ಕಳನ್ನು ಉಳಿಸಿದರಾದರೂ, ಗುಣ ಬಂದದ್ದು ಬಾಳೆಹಣ್ಣಿನಿಂದಲ್ಲ, ಬ್ರೆಡ್ಡಿನ ಅಭಾವದಿಂದ ಎಂಬುದು ಅವರಿಗೂ ಹೊಳೆಯಲಿಲ್ಲ.

ಹೊಳೆದದ್ದು ಹಾಲೆಂಡ್ ದೇಶದ ಮಕ್ಕಳ ವೈದ್ಯ ವಿಲೆಮ್ ಕರೆಲ್ ಡಿಕೆ ಅವರಿಗೆ. 1905ರಲ್ಲಿ ಹುಟ್ಟಿದ ಅವರು 1936ರ ವೇಳೆಗೆ, ಮೂವತ್ತೊಂದರ ಪ್ರಾಯದಲ್ಲಿಯೇ, ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯ ಮುಖ್ಯಸ್ಥರಾಗಿದ್ದರು. ಬ್ರೆಡ್ಡನ್ನು ನಿಲ್ಲಿಸಿದಾಗಲೆಲ್ಲ ತನ್ನ ಮಗುವಿನ ಮೈಮೇಲಿನ ಗುಳ್ಳೆಗಳು ಬೇಗನೆ ಇಳಿಯುತ್ತವೆಂದು ತರುಣ ತಾಯಿಯೊಬ್ಬಳು ಆಡಿದ ಮಾತು ಅವರ ಮನಸ್ಸಿನಲ್ಲಿ ನಾಟಿತೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ತಾಯಂದಿರು ವೈದ್ಯರ ಮುಂದೆ ಇಂಥ ಮಾತುಗಳನ್ನು ದಿನವೂ ಆಡುತ್ತಾರೆ. ಬಹುಪಾಲು ಮಾತುಗಳು ಔಷಧದ ಚೀಟಿ ಬರೆಯುವ ಸದ್ದಿನಲ್ಲಿ ಮುಳುಗಿಹೋಗುತ್ತವೆ. ಡಿಕೆ ಅದನ್ನು ಮುಳುಗಲು ಬಿಡಲಿಲ್ಲ. ಮಗುವಿಗೆ ಗೋಧಿಯನ್ನು ನಿಲ್ಲಿಸಿ ನೋಡುವುದು, ಮರಳಿ ಕೊಟ್ಟು ನೋಡುವುದು, ತೂಕ ಎತ್ತರಗಳನ್ನು ತಿಂಗಳುಗಟ್ಟಲೆ ವರ್ಷಗಟ್ಟಲೆ ಬರೆದಿಡುವುದು, ಹೀಗೆ ತಾಳ್ಮೆಯಿಂದ ಸಾಗಿ 1941ರಲ್ಲಿ, ದೇಶವು ಪರರ ಸೈನ್ಯದ ವಶದಲ್ಲಿದ್ದ ಕಾಲದಲ್ಲಿ, ಗೋಧಿಯಿಲ್ಲದ ಆಹಾರಕ್ರಮವನ್ನು ಕುರಿತ ತಮ್ಮ ಮೊದಲ ಲೇಖನವನ್ನು ಡಚ್ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು.

ಆಮೇಲೆ ಬಂದದ್ದು 1944–45ರ ಕ್ಷಾಮದ ಚಳಿಗಾಲ. ಪಶ್ಚಿಮ ಹಾಲೆಂಡಿನ ಜನ ಬ್ರೆಡ್ಡಿಲ್ಲದೆ ಟ್ಯೂಲಿಪ್ ಹೂವಿನ ಗೆಡ್ಡೆಗಳನ್ನು ಬೇಯಿಸಿ ತಿಂದ ಆ ದುರ್ದಿನಗಳಲ್ಲಿ, ಊರೆಲ್ಲ ಸೊರಗುತ್ತಿರುವಾಗ ಸೀಲಿಯಾಕ್ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಮರಳಿದಾಗ ರೋಗವೂ ಮರಳಿತು. ಕ್ಷಾಮವೇ ಡಿಕೆಗೆ ಸತ್ಯವನ್ನು ತೋರಿಸಿತೆಂದು ಈ ಕಥೆಯನ್ನು ಹೇಳುವ ರೂಢಿಯುಂಟು. ಅದು ಆ ವೈದ್ಯರಿಗೂ ಆ ತಾಯಿಗೂ ನ್ಯಾಯವಲ್ಲ. ಕ್ಷಾಮವು ಸಾಕ್ಷಿ ನುಡಿಯಿತು, ಅಷ್ಟೆ. ವಿಚಾರಣೆಯು ಅದಕ್ಕೆ ಎಷ್ಟೋ ವರ್ಷ ಮುಂಚೆ ಒಂದು ಮನೆಯ ಮಾತಿನಿಂದ ಆರಂಭವಾಗಿತ್ತು. 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಅವರು ತಮ್ಮ ಸಿದ್ಧಾಂತವನ್ನು ಸ್ಥಾಪಿಸಿದರು. ಕರುಳು ಹೀರಿಕೊಳ್ಳದೆ ಬಿಟ್ಟ ಕೊಬ್ಬನ್ನು ಮಲದಲ್ಲಿ ಅಳೆಯುವ ವಿಧಾನವನ್ನು ಕಂಡುಹಿಡಿದ ರಸಾಯನಜ್ಞ ವಾನ್ ಡೆ ಕಾಮರ್ ಮತ್ತು ಮಕ್ಕಳ ವೈದ್ಯ ವೈಯರ್ಸ್ ಅವರೊಡನೆ ಕೂಡಿ ಅದನ್ನು ಅಂಕಿಗಳಲ್ಲಿ ದೃಢಪಡಿಸಿದರು. 1952ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆಸ್ಟ್ರೇಲಿಯದ ವೈದ್ಯೆ ಶಾರ್ಲಟ್ ಆ್ಯಂಡರ್ಸನ್ ಮತ್ತು ಅವರ ಸಂಗಡಿಗರು ಗೋಧಿಹಿಟ್ಟಿನ ಪಿಷ್ಟವನ್ನೂ ಗ್ಲುಟೆನ್ನನ್ನೂ ಬೇರ್ಪಡಿಸಿ ಪರೀಕ್ಷಿಸಿ, ದೋಷವು ಪಿಷ್ಟದಲ್ಲಿಲ್ಲ, ಗ್ಲುಟೆನ್ನಿನಲ್ಲಿದೆ ಎಂದು ತೋರಿಸಿದರು. ಗೀ ಅವರು ಹೊರಗಟ್ಟಿದ್ದ ಅಕ್ಕಿಯು ಅಂದಿಗೆ ದೋಷಮುಕ್ತವಾಯಿತು.

ಕಾರಣ ತಿಳಿದದ್ದರಿಂದ ಜೀವ ಉಳಿಯಿತು. ಆದರೆ ಉಳಿದ ಜೀವವು ದಿನಕ್ಕೆ ಮೂರು ಹೊತ್ತು ಉಣ್ಣಬೇಕು. ಅಂಗಡಿಗೆ ಹೋಗಬೇಕು, ಶಾಲೆಗೆ ಬುತ್ತಿ ಒಯ್ಯಬೇಕು, ಪರಸ್ಥಳದಲ್ಲಿ ಹಸಿಯಬೇಕು. ಆ ಬಾಳನ್ನು ಹಸನುಮಾಡುವ ಕೆಲಸ ವೈದ್ಯರಿಂದ ಆಗತಕ್ಕದ್ದಲ್ಲ. ಅದನ್ನು ಕೈಗೆತ್ತಿಕೊಂಡವರಲ್ಲಿ ಪೀಟರ್ ಬೆನೆನ್ಸನ್ ಒಬ್ಬರು. 1961ರಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯನ್ನು ಕಟ್ಟಿ, ಮತಾಭಿಪ್ರಾಯಗಳಿಗಾಗಿ ಸೆರೆಬಿದ್ದವರ ಪರವಾಗಿ ಲೋಕದ ಮನಸ್ಸಾಕ್ಷಿಯನ್ನು ಎಚ್ಚರಿಸಿದ ನ್ಯಾಯವಾದಿಯೆಂದು ಅವರನ್ನು ಎಲ್ಲರೂ ಬಲ್ಲರು. ಸ್ವತಃ ಸೀಲಿಯಾಕ್ ರೋಗಿಯಾಗಿದ್ದ ಅವರು ಎಲಿಜಬೆತ್ ಸೀಗಲ್ ಅವರೊಡನೆ ಸೇರಿ 1968ರಲ್ಲಿ ಬ್ರಿಟನ್ನಿನ ಸೀಲಿಯಾಕ್ ಸಂಘವನ್ನು ಸ್ಥಾಪಿಸಿದರೆಂಬುದು ಅಷ್ಟು ಪ್ರಸಿದ್ಧವಲ್ಲ. ಅಂಗಡಿಯಲ್ಲಿ ದೊರೆಯುವ ಯಾವ ಯಾವ ಪದಾರ್ಥಗಳು ನಿರಪಾಯವೆಂಬುದನ್ನು ತಯಾರಕರಿಂದ ಕೇಳಿ ತಿಳಿದು ಪಟ್ಟಿಮಾಡಿ ರೋಗಿಗಳ ಕೈಗಿಡುವುದು ಈ ಸಂಘದ ಮುಖ್ಯ ಸೇವೆಗಳಲ್ಲೊಂದಾಯಿತು. ಅಡ್ಡಗೆರೆ ಎಳೆದ ತೆನೆಯ ಚಿಹ್ನೆಯು ಅನೇಕ ದೇಶಗಳಲ್ಲಿ ಅಕ್ಷರ ಬಾರದವನಿಗೂ ಅಭಯ ಕೊಡುವ ಮುದ್ರೆಯಾಯಿತು. ಪಟ್ಟಿ ಬರೆಯುವುದು ಅಲ್ಪ ಕಾರ್ಯವೆಂದು ತೋರಬಹುದು. ಬೆಳಗಿನಿಂದ ಹಸಿದಿದ್ದು, ಕೈಯಲ್ಲಿ ಹಿಡಿದ ಪೊಟ್ಟಣವನ್ನು ತಿನ್ನಲೋ ಬಿಡಲೋ ಎಂದು ತಿಳಿಯದೆ ನಿಂತವನಿಗೆ ಅದು ಅಲ್ಪವಲ್ಲ.

ಇಟಲಿಯವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಪಾಸ್ತಾ ಇಲ್ಲದೆ ಊಟವೇ ಊಟವಲ್ಲವೆಂದು ತಿಳಿಯುವ ಆ ನಾಡಿನಲ್ಲಿ, ರೋಗಪೀಡಿತ ಮಕ್ಕಳ ತಂದೆತಾಯಿಗಳು 1979ರಲ್ಲಿ ಕಟ್ಟಿದ ಸಂಘವು ದಶಕಗಳ ಕಾಲ ಶ್ರಮಿಸಿತು. 2005ರ ಶಾಸನವು ಸೀಲಿಯಾಕನ್ನು ಸಾಮಾಜಿಕ ರೋಗವೆಂದು ಅಂಗೀಕರಿಸಿ, ಗ್ಲುಟೆನ್‌ರಹಿತ ಆಹಾರಕ್ಕೆ ಸರ್ಕಾರದ ನೆರವನ್ನೂ, ಶಾಲೆ ಮತ್ತು ಆಸ್ಪತ್ರೆಗಳ ಭೋಜನಶಾಲೆಗಳಲ್ಲಿ ಕೇಳಿದವರಿಗೆ ಪ್ರತ್ಯೇಕ ಊಟವನ್ನೂ ವಿಧಿಸಿತು. ಸಾಮಾಜಿಕ ರೋಗ ಎಂಬ ಆ ಪದವನ್ನು ಗಮನಿಸಬೇಕು. ರೋಗವು ಒಬ್ಬನ ಕರುಳಿನಲ್ಲಿದ್ದರೂ ಅದರ ಪಥ್ಯವು ಹತ್ತು ಜನರ ಕೈಯಲ್ಲಿದೆ. ಬಡಿಸುವವನಿಗೆ ತಿಳಿಯದಿದ್ದರೆ ಉಣ್ಣುವವನ ಸಂಕಲ್ಪ ಎಷ್ಟು ಗಟ್ಟಿಯಾಗಿದ್ದರೂ ವ್ಯರ್ಥ.

ನಮ್ಮ ದೇಶದಲ್ಲಿ ಇದು ಪಾಶ್ಚಾತ್ಯರ ರೋಗವೆಂಬ ಭಾವನೆ ಬಹುಕಾಲ ಇತ್ತು. ಉತ್ತರ ಭಾರತದ ಮಕ್ಕಳಲ್ಲಿ ಈ ರೋಗವಿದೆಯೆಂದು ಬಿ.ಎನ್.ಎಸ್. ವಾಲಿಯಾ ಮತ್ತು ಸಹೋದ್ಯೋಗಿಗಳು 1966ರಲ್ಲಿಯೇ ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ವರದಿ ಮಾಡಿದ್ದರು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಗೋವಿಂದ ಮಖಾರಿಯಾ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ಆ ಸೀಮೆಯಲ್ಲಿ 96 ಜನರಲ್ಲಿ ಒಬ್ಬರಿಗೆ ಈ ವ್ಯಾಧಿ. ದಕ್ಷಿಣದವರಿಗೆ ಹೆಚ್ಚು ಬೋಧಪ್ರದವಾದುದು ಬಿ.ಎಸ್. ರಾಮಕೃಷ್ಣ ಮೊದಲಾದವರು 23,000ಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಹೊರತಂದ ಅಧ್ಯಯನ. ಅದರ ಪ್ರಕಾರ ರೋಗದ ಪ್ರಮಾಣ ಉತ್ತರದಲ್ಲಿ ಶೇಕಡ 1.23, ದಕ್ಷಿಣದಲ್ಲಿ ಶೇಕಡ 0.10. ಆದರೆ ರೋಗಕ್ಕೆ ಎಡೆಗೊಡುವ ಆನುವಂಶಿಕ ಗುಣವು ಎರಡು ಕಡೆಗಳಲ್ಲಿಯೂ ಹೆಚ್ಚುಕಡಿಮೆ ಸಮನಾಗಿ, ಮೂರರಲ್ಲೊಬ್ಬರಿಗೂ ಮೀರಿ, ಇದೆ. ವ್ಯತ್ಯಾಸವಿದ್ದದ್ದು ತಟ್ಟೆಯಲ್ಲಿ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ಉಂಡರೆ ದಕ್ಷಿಣದವರು ಉಂಡದ್ದು 25 ಗ್ರಾಂ. ಅನ್ನ, ಮುದ್ದೆ, ಜೋಳದ ರೊಟ್ಟಿಗಳು ನಮ್ಮನ್ನು ಅರಿವಿಲ್ಲದಂತೆಯೇ ಕಾಯ್ದುಕೊಂಡು ಬಂದಿರಬಹುದೆಂದು ಇದರಿಂದ ಊಹಿಸಲವಕಾಶವಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಸೃಷ್ಟಿಸಿದ ರಾಗಿ ಲಕ್ಷ್ಮಣಯ್ಯನವರು ಈ ರೋಗವನ್ನು ಮನಸ್ಸಿನಲ್ಲಿಟ್ಟುಕೊಂಡು ದುಡಿದವರಲ್ಲ. ಆದರೂ ಗೋಧಿ ಒಲ್ಲದ ಕರುಳಿಗೆ ನಿಶ್ಚಿಂತೆಯ ತುತ್ತನ್ನು ಹೇರಳವಾಗಿ ಒದಗಿಸಿದವರ ಸಾಲಿನಲ್ಲಿ ಅವರ ಹೆಸರೂ ಸಲ್ಲಬೇಕು.

ಹಾಗೆಂದು ಕನ್ನಡನಾಡಿನಲ್ಲಿ ಈ ಪಥ್ಯ ಸುಲಭವೆಂದು ತಿಳಿಯುವುದು ತಪ್ಪು. ಉಪ್ಪಿಟ್ಟು, ರವೆ ಇಡ್ಲಿ, ಶಾವಿಗೆ, ಚಿರೋಟಿಗಳಲ್ಲಿ ಗೋಧಿ ಕಣ್ಣಿಗೆ ಕಾಣುವಂತೆಯೇ ಇದೆ. ಕಾಣದೆ ಇರುವುದು ಹೆಚ್ಚು ಅಪಾಯಕಾರಿ. ಅಂಗಡಿಯ ಇಂಗಿಗೆ ಬಹುಮಟ್ಟಿಗೆ ಮೈದಾ ಅಥವಾ ಗೋಧಿಹಿಟ್ಟು ಬೆರೆತಿರುತ್ತದೆ. ಆ ಇಂಗಿನ ಒಗ್ಗರಣೆ ಬಿದ್ದ ತಿಳಿಸಾರು ನೋಡುವುದಕ್ಕೆ ಎಷ್ಟು ನಿರ್ದೋಷಿ! ಗೋಧಿ ಬೀಸಿದ ಗಿರಣಿಯ ಕಲ್ಲಿನಲ್ಲಿಯೇ ಬೀಸಿದ ರಾಗಿಹಿಟ್ಟಿನಲ್ಲಿ ಗೋಧಿಯ ಪಾಲು ಸೇರಿಯೇ ಸೇರುತ್ತದೆ. ಸತ್ಯನಾರಾಯಣಪೂಜೆಯ ಸಪಾದಭಕ್ಷ್ಯವು ಗೋಧಿರವೆಯದು. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕದೆ ಇಡುವ ಹುಡುಗಿಯನ್ನು ನೆಂಟರು ಯಾವ ದೃಷ್ಟಿಯಿಂದ ನೋಡುತ್ತಾರೆಂಬುದನ್ನು ವಿವರಿಸಬೇಕಾಗಿಲ್ಲ. ಇಷ್ಟು ತಿಂದರೆ ಏನೂ ಆಗದೆಂದು ಪ್ರೀತಿಯಿಂದ ಒತ್ತಾಯಿಸುವ ಅತ್ತೆಯರೂ ಚಿಕ್ಕಮ್ಮಂದಿರೂ ಕೇಡನ್ನು ಬಯಸುವವರಲ್ಲ. ಆ ಇಷ್ಟರಿಂದಲೇ ಕರುಳು ಮತ್ತೆ ಸವೆಯುವುದೆಂದು ಅವರಿಗೆ ಯಾರೂ ಹೇಳಿಲ್ಲ.

ಪೊಟ್ಟಣದ ಆಹಾರದ ಮಟ್ಟಿಗೆ ನಮ್ಮಲ್ಲಿ ನಿಯಮವಿದೆ: ಕಿಲೋಗ್ರಾಮಿಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇದ್ದರೆ ಅದನ್ನು ಗ್ಲುಟೆನ್‌ರಹಿತವೆಂದು ಕರೆಯುವಂತಿಲ್ಲ. ಆದರೆ ಹೋಟೆಲಿನ ಎಲೆಗೂ ಮದುವೆಮನೆಯ ಪಂಕ್ತಿಗೂ ಬೇಕರಿಯ ಬಿಡಿತಿಂಡಿಗೂ ಅಂಥ ಚೀಟಿ ಇಲ್ಲ. ಅಲ್ಲಿ ಬಡಿಸುವವನ ಮಾತೇ ಚೀಟಿ. ಆದುದರಿಂದ ಈ ಕೆಲವು ಕೆಲಸಗಳು ಆಗಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ. ಹೋಟೆಲಿನವರು ಯಾವ ತಿಂಡಿಯಲ್ಲಿ ಗೋಧಿ, ಮೈದಾ, ಬೆರಕೆ ಇಂಗು ಇವೆಯೆಂಬುದನ್ನು ದರಪಟ್ಟಿಯ ಪಕ್ಕದಲ್ಲಿ ಬರೆದು ತೂಗುಹಾಕಲಿ. ಅಡಿಗೆಯ ಗುತ್ತಿಗೆದಾರರು ಗೋಧಿ ಸೋಕದ ಸೌಟು ಬಾಣಲೆಗಳಲ್ಲಿ ನಾಲ್ಕು ಎಲೆಗಾಗುವಷ್ಟು ಅಡಿಗೆಯನ್ನು ಬೇರೆಯಾಗಿ ಮಾಡುವುದನ್ನು ವೃತ್ತಿಧರ್ಮವೆಂದು ಎಣಿಸಲಿ. ಊರಿಗೊಂದಾದರೂ ಗಿರಣಿಯು ಗೋಧಿಯನ್ನು ಮುಟ್ಟದೆ ರಾಗಿ ಜೋಳ ಅಕ್ಕಿಗಳಿಗೇ ಮೀಸಲಾಗಲಿ. ವೈದ್ಯರು ಬೆಳೆಯದ ಮಗುವನ್ನೂ ತೀರದ ರಕ್ತಹೀನತೆಯನ್ನೂ ಕಂಡಾಗ, ದಕ್ಷಿಣದಲ್ಲಿ ಇದು ವಿರಳವೆಂದು ತಳ್ಳಿಹಾಕದೆ ರಕ್ತಪರೀಕ್ಷೆಯನ್ನೊಮ್ಮೆ ಮಾಡಿಸಲಿ. ಓದುಗರಲ್ಲಿಯೂ ಒಂದು ಮಾತು: ಸಂದೇಹ ಬಂದೊಡನೆ ತಾವಾಗಿಯೇ ಗೋಧಿಯನ್ನು ಬಿಟ್ಟುಬಿಡಬಾರದು, ಪರೀಕ್ಷೆಗೆ ಮೊದಲೇ ಬಿಟ್ಟರೆ ರೋಗವಿದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು.

ಡಿಕೆ ಅವರು 1962ರಲ್ಲಿ ತೀರಿಕೊಂಡರು. ಅವರಿಗೆ ದಾರಿ ತೋರಿದ ತಾಯಿಯ ಹೆಸರು ನಮಗೆ ಉಳಿದುಬಂದಿಲ್ಲ. ಅವಳ ಮಾತು ಮಾತ್ರ ಉಳಿದು ಲಕ್ಷಾಂತರ ಮಕ್ಕಳನ್ನು ಬೆಳೆಸಿತು. ನಿಮ್ಮ ಮನೆಗೆ ಉಣ್ಣಲು ಬಂದವರೊಬ್ಬರು ಸಂಕೋಚದಿಂದ, ಈ ಸಾರಿಗೆ ಯಾವ ಇಂಗು ಹಾಕಿದ್ದೀರಿ ಎಂದು ಕೇಳಿದರೆ, ದಯವಿಟ್ಟು ಬೇಸರಪಡಬೇಡಿ. ಒಳಗೆ ಹೋಗಿ ಡಬ್ಬಿಯ ಮೇಲಿನ ಬರಹವನ್ನು ಓದಿ, ಇರುವುದನ್ನು ಇದ್ದಂತೆ ಹೇಳಿ.